ಶಾಸಕರ ಪಿಎ ಹತ್ತಿರ ಕೇಳಿ: ಲೆಟರ್, ಬಗರ್ ಹುಕುಂ, ಎಲ್‌ಎ ಕ್ಯೂ

ನಾನು ಒಬ್ಬ ಶಾಸಕರ ಆಪ್ತ ಸಹಾಯಕ. ಊರವರ ಬಾಯಲ್ಲಿ ಪಿಎ. ಹಳೇ ಮೈಸೂರು ಕಡೆಯ, ಹಳ್ಳಿಗಳೇ ಜಾಸ್ತಿ ಇರುವ ಕ್ಷೇತ್ರ. ಯಾರು, ಯಾವ ಪಕ್ಷ ಅಂತ ಹೇಳುವುದಿಲ್ಲ, ಕೇಳಬೇಡಿ. ಜನರ ಕೆಲಸ ಹೇಗೆ ನಡೆಯುತ್ತೆ, ಎಲ್ಲಿ ನಿಂತುಹೋಗುತ್ತೆ ಅನ್ನುವುದನ್ನು ಎಷ್ಟು ಬೇಕಾದರೂ ಕೇಳಿ.

ಪ್ರಶ್ನೆ: ಸರ್, ಅಧಿವೇಶನ ಇಲ್ಲದಾಗ ಶಾಸಕರಿಗೆ ಏನು ಕೆಲಸ? ಸುಮ್ನೆ ಗುದ್ದಲಿ ಪೂಜೆ ಅಷ್ಟೇನಾ?

ಉತ್ತರ: ಗುದ್ದಲಿ ಪೂಜೆಗೆ ಫೋಟೊ ಇರುತ್ತೆ, ಉಳಿದ ಕೆಲಸಕ್ಕೆ ಇರಲ್ಲ. ಅದಕ್ಕೇ ಹಾಗೆ ಕಾಣೋದು.

ನಮ್ಮಲ್ಲಿ ಸೋಮವಾರ, ಮಂಗಳವಾರ ಮನೆ ಮುಂದೆ ಜನ. ಮಂಗಳವಾರ ರಾತ್ರಿ ಬೆಂಗಳೂರಿಗೆ ಹೊರಡುತ್ತೇವೆ. ಬುಧವಾರ, ಗುರುವಾರ ವಿಧಾನಸೌಧ, ವಿಕಾಸಸೌಧ, ಎಂ.ಎಸ್. ಬಿಲ್ಡಿಂಗ್ ಅಂತ ಸರ್ಕಾರಿ ಕಚೇರಿಗಳ ಸುತ್ತಾಟ. ಸಚಿವ ಸಂಪುಟ ಸಭೆ ಸಾಮಾನ್ಯವಾಗಿ ಗುರುವಾರ, ಹಾಗಾಗಿ ಆ ಹೊತ್ತಿಗೆ ಮಂತ್ರಿಗಳು ಕೈಗೆ ಸಿಗುತ್ತಾರೆ. ಸಾಹೇಬರು ಮಂತ್ರಿಗಳ ಕೊಠಡಿಗೆ ಹೋದರೆ ನಾನು ಕಡತ ನೋಡಿಕೊಳ್ಳುವ ಕೇಸ್ ವರ್ಕರ್ ಟೇಬಲ್ಲಿಗೆ ಹೋಗುತ್ತೇನೆ. ನಿಜ ಹೇಳಬೇಕೆಂದರೆ ಎಷ್ಟೋ ಕೆಲಸ ಆಗುವುದು ಆ ಟೇಬಲ್ಲಿನಲ್ಲೇ. ಶುಕ್ರವಾರ, ಶನಿವಾರ ಹಳ್ಳಿ ಸುತ್ತಾಟ, ತಾಲ್ಲೂಕು ಕಚೇರಿಯ ಸಭೆಗಳು. ಭಾನುವಾರ ಮದುವೆ, ಬೀಗರೂಟ, ತಿಥಿ.

ಸೋಮವಾರ ಬರುವವರಲ್ಲಿ ಮುಕ್ಕಾಲು ಪಾಲು ಜನ ಇನ್ನೊಂದು ಕಚೇರಿಯಲ್ಲಿ ಸಿಕ್ಕಿಹಾಕಿಕೊಂಡ ಕೆಲಸ ತಂದಿರುತ್ತಾರೆ. ಇತ್ತೀಚೆಗೆ ಒಬ್ಬರು ಅಜ್ಜಿ ಬಂದರು. ಸಂಧ್ಯಾ ಸುರಕ್ಷಾ ದುಡ್ಡು, ತಿಂಗಳಿಗೆ 1,200 ರೂಪಾಯಿ, ನಿಂತುಹೋಗಿದೆ ಅಂದರು. ಕೈಯಲ್ಲಿ ಯಾರೋ ಬರೆದುಕೊಟ್ಟ ಎರಡು ಪುಟದ ಮನವಿ. ಮಗ, ಸೊಸೆ, ಸೋರುವ ಮನೆ ಎಲ್ಲ ಅದರಲ್ಲಿತ್ತು. ಪಿಂಚಣಿ ಆದೇಶದ ನಂಬರ್ ಮಾತ್ರ ಇರಲಿಲ್ಲ. ಆಧಾರ್ ಇಟ್ಟುಕೊಂಡು ನಾಡಕಚೇರಿಗೆ ಫೋನ್ ಮಾಡಿದೆವು. ದುಡ್ಡು ನಿಂತೇ ಇರಲಿಲ್ಲ. ಅಜ್ಜಿ ಇನ್ನೊಂದು ಬ್ಯಾಂಕಿನಲ್ಲಿ ಹೊಸ ಖಾತೆ ತೆರೆದಿದ್ದರು, ಆಧಾರ್ ಜೋಡಣೆ ಅಲ್ಲಿಗೆ ಬದಲಾಗಿತ್ತು. ಪಿಂಚಣಿ ಆ ಖಾತೆಗೆ ಬೀಳುತ್ತಿತ್ತು. ಇದಕ್ಕೆ ಶಾಸಕರ ಪ್ರಭಾವ ಏನೂ ಬೇಕಾಗಿರಲಿಲ್ಲ. ಎಲ್ಲಿ ನಿಂತಿದೆ ಅಂತ ಕೇಳುವವರು ಒಬ್ಬರು ಬೇಕಿತ್ತು.

ಪ್ರಶ್ನೆ: ಅಣ್ಣ, ಶಾಸಕರ ಲೆಟರ್ ತಗೊಂಡು ಕಚೇರಿಗೆ ಕೊಟ್ಟು ತಿಂಗಳುಗಳೇ ಆಯ್ತು. ಒಂದು ಮಾತಿಲ್ಲ. ಲೆಟರಿಗೆ ಬೆಲೆ ಇಲ್ವಾ?

ಉತ್ತರ: ಲೆಟರ್ ಅಂದರೆ ಆದೇಶ ಅಲ್ಲ. ಕೊನೆಯ ಸಾಲು ನೋಡಿ: "ನಿಯಮಾನುಸಾರ ಪರಿಶೀಲಿಸಿ ಅಗತ್ಯ ಕ್ರಮ ಕೈಗೊಳ್ಳುವುದು" ಅಂತಿರುತ್ತೆ. ನಿಯಮದಲ್ಲಿ ಇಲ್ಲ ಅಂದರೆ ಅಧಿಕಾರಿ ಇಲ್ಲ ಅಂತಲೇ ಬರೆಯುತ್ತಾರೆ, ಬರೆಯಬೇಕು ಕೂಡ.

ನೀವು ಮಾಡಬೇಕಾದ್ದು ಇಷ್ಟು. ನಮ್ಮ ಕಚೇರಿಯಿಂದ ಲೆಟರಿನ ಒಂದು ಜೆರಾಕ್ಸ್ ಪಡೆಯಿರಿ, ಅದರ ಮೇಲೆ ಪತ್ರದ ಸಂಖ್ಯೆ, ದಿನಾಂಕ ಇರುತ್ತೆ. ಆ ಕಚೇರಿಯ ತಪಾಲು ವಿಭಾಗದಲ್ಲಿ ಕೊಟ್ಟು ಸೀಲು ಹಾಕಿಸಿಕೊಳ್ಳಿ. ಯಾವ ಕೇಸ್ ವರ್ಕರಿಗೆ ಹೋಯಿತು ಅಂತ ಕೇಳಿ. ಅರ್ಜಿ ತಿರಸ್ಕಾರ ಆಗಿದ್ದರೆ ಬಾಯಿಮಾತಿಗೆ ವಾಪಸ್ ಬರಬೇಡಿ, ಹಿಂಬರಹ (ಕಾರಣ ಬರೆದ ಲಿಖಿತ ಉತ್ತರ) ಕೇಳಿ. ಹಿಂಬರಹ ಕೈಯಲ್ಲಿದ್ದರೆ ಯಾವ ಕಾರಣಕ್ಕೆ ಆಗಿಲ್ಲ ಅಂತ ಗೊತ್ತಾಗುತ್ತೆ, ನಮಗೂ ಮಾತಾಡಲು ಒಂದು ಹಿಡಿ ಸಿಗುತ್ತೆ. ಸಕಾಲದಡಿ (ನಿಗದಿತ ದಿನದೊಳಗೆ ಸೇವೆ ಕೊಡಬೇಕು ಅನ್ನುವ ಕಾಯ್ದೆ) ಬರುವ ಸೇವೆಯಾದರೆ ಸ್ವೀಕೃತಿಯಲ್ಲಿ ಒಂದು ಜಿಎಸ್‌ಸಿ ನಂಬರ್ ಇರುತ್ತೆ. ಅದನ್ನು ಕಳೆಯಬೇಡಿ, ಲೆಟರಿಗಿಂತ ಅದೇ ಗಟ್ಟಿ.

ಪ್ರಶ್ನೆ: ನಮ್ಮ ತಂದೆಗೆ ಹಾರ್ಟ್ ಆಪರೇಷನ್ ಅಂದಿದ್ದಾರೆ. ಮುಖ್ಯಮಂತ್ರಿ ಪರಿಹಾರ ನಿಧಿಗೆ ಶಾಸಕರ ಪತ್ರ ಸಿಗುತ್ತಾ ಸರ್?

ಉತ್ತರ: ಸಿಗುತ್ತೆ. ಆದರೆ ಮೇಡಂ, ಮೊದಲು ಆ ದಾರಿ ಹಿಡಿಯಬೇಡಿ. ಬಿಪಿಎಲ್ ಕಾರ್ಡ್ ಇದೆಯಾ? ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ 1.5 ಲಕ್ಷದವರೆಗೆ. ತುರ್ತು ಅಲ್ಲದ ಆಪರೇಷನ್ ಆದರೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಬೇಕಾಗುತ್ತೆ. ಇದನ್ನು ಬಿಟ್ಟು ನೇರ ಖಾಸಗಿ ಆಸ್ಪತ್ರೆಗೆ ಸೇರಿಸಿ, ಬಿಲ್ ಕಟ್ಟಿ, ಆಮೇಲೆ ನಮ್ಮ ಹತ್ತಿರ ಬರುವವರೇ ಜಾಸ್ತಿ. ಆಗ ಪರಿಹಾರ ನಿಧಿ ಒಂದೇ ಉಳಿಯೋದು. ಅದರಲ್ಲಿ ಖರ್ಚಿನ ಒಂದು ಭಾಗ ಬಂದರೆ ಬಂತು, ಪೂರ್ತಿ ಬರುತ್ತೆ ಅಂತ ಸಾಲ ಮಾಡಬೇಡಿ. ರೆಫರಲ್ ವಿಷಯಕ್ಕೆ ಇವತ್ತೇ ಜಿಲ್ಲಾ ಆಸ್ಪತ್ರೆಯಲ್ಲಿ ಈ ಯೋಜನೆಗೆ ಸಹಾಯ ಮಾಡುವ ಆರೋಗ್ಯಮಿತ್ರರನ್ನು ಕೇಳಿ.

ಪ್ರಶ್ನೆ: ಶಿಕ್ಷಕರ ವರ್ಗಾವಣೆಗೆ ಒಂದು ಲೆಟರ್ ಕೊಡಿಸಿ ಸರ್.

ಉತ್ತರ: ಅದಕ್ಕೆ ಪ್ರತ್ಯೇಕ ಕಾಯ್ದೆ ಇದೆ, ಕೌನ್ಸೆಲಿಂಗ್ ಇದೆ. ಲೆಟರ್ ಬರೆದುಕೊಡಬಹುದು, ನಿಮ್ಮ ಫೈಲಿಗೆ ಒಂದು ಹಾಳೆ ಜಾಸ್ತಿಯಾಗುತ್ತೆ ಅಷ್ಟೇ.

ಪ್ರಶ್ನೆ: ಸಾಗುವಳಿ ಮಾಡ್ತಿರೋ ಸರ್ಕಾರಿ ಜಮೀನು ಸಕ್ರಮ ಮಾಡಿಕೊಡಿ ಅಂತ ಫಾರಂ 57 ಹಾಕಿ ವರ್ಷಗಟ್ಟಲೆ ಆಯ್ತು. ಬಗರ್ ಹುಕುಂ ಸಮಿತಿಗೆ ಶಾಸಕರೇ ಅಧ್ಯಕ್ಷರು ತಾನೇ? ಅವರು ಮನಸ್ಸು ಮಾಡಿದ್ರೆ ಆಗಲ್ವಾ?

ಉತ್ತರ: ಅಧ್ಯಕ್ಷರು ಹೌದು. ತಹಸೀಲ್ದಾರ್ ಸದಸ್ಯ ಕಾರ್ಯದರ್ಶಿ. ಶಾಸಕರ ಕೈಯಲ್ಲಿ ನೇರವಾಗಿ ಒಂದು ಅಧಿಕಾರ ಇದೆ ಅಂದರೆ ಇದೇ ಜಾಗ, ಅದಕ್ಕೇ ನಮ್ಮ ಮನೆ ಮುಂದಿನ ಅತಿ ದೊಡ್ಡ ಗುಂಪೂ ಇದೇ. ಆದರೆ ಸಮಿತಿಯ ಮುಂದೆ ಕಡತ ಬರಬೇಕಾದರೆ ಗ್ರಾಮ ಲೆಕ್ಕಿಗರ (ಈಗಿನ ಗ್ರಾಮ ಆಡಳಿತ ಅಧಿಕಾರಿ) ವರದಿ, ಕಂದಾಯ ನಿರೀಕ್ಷಕರ ವರದಿ, ಸ್ಥಳ ಪರಿಶೀಲನೆ ಎಲ್ಲ ಮುಗಿದಿರಬೇಕು. ಫಾರಂ 57ಕ್ಕೆ 2005ರ ಜನವರಿ 1ಕ್ಕಿಂತ ಮುಂಚಿನಿಂದ ಸಾಗುವಳಿ ಇರಬೇಕು. ಈಗ ಉಪಗ್ರಹ ಚಿತ್ರ ತೆಗೆದು ನೋಡುತ್ತಾರೆ. ಆಗ ಅಲ್ಲಿ ಉಳುಮೆ ಇತ್ತಾ, ಕುರುಚಲು ಗಿಡ ಇತ್ತಾ ಅಂತ ಕಾಣುತ್ತೆ. ಅರಣ್ಯ ಜಮೀನು, ನಗರದ ಅಂಚಿನ ಜಮೀನು ಆದರೆ ಆಸೆ ಬಿಡಿ. ಗೋಮಾಳ ಆದರೆ ಊರಿನ ದನಗಳ ಲೆಕ್ಕ ಹಾಕುತ್ತಾರೆ. ನೂರು ದನಕ್ಕೆ 30 ಎಕರೆ ಉಳಿಸಬೇಕು. ಅದಕ್ಕಿಂತ ಜಾಸ್ತಿ ಇದ್ದರೆ ಮಾತ್ರ ಮುಂದಿನ ಮಾತು.

ಒಂದು ಕಹಿ ಸತ್ಯ. ಆಗದ ಅರ್ಜಿಗೆ "ನೋಡೋಣ" ಅಂದುಬಿಡುವುದು ರಾಜಕೀಯದವರಿಗೆ ಸುಲಭ, ಯಾರಿಗೂ ಬೇಜಾರಾಗಲ್ಲ. ಆದರೆ ಆ "ನೋಡೋಣ" ನಂಬಿಕೊಂಡು ರೈತ ಬೋರ್‌ವೆಲ್ ಕೊರೆಸಿರುತ್ತಾನೆ. ನಿಮ್ಮ ಸರ್ವೆ ನಂಬರ್ ಹಿಡಿದು ಹೋಗಿ, ಆಗುತ್ತಾ ಇಲ್ವಾ ಅಂತ ತಹಸೀಲ್ದಾರ್ ಕಚೇರಿಯಲ್ಲಿ ಖಡಾಖಂಡಿತ ಕೇಳಿ.

ಪ್ರಶ್ನೆ: ಶಾಸಕರಿಗೆ ವರ್ಷಕ್ಕೆ 2 ಕೋಟಿ ಪ್ರದೇಶಾಭಿವೃದ್ಧಿ ನಿಧಿ ಇದ್ದರೂ ನಮ್ಮ ಊರಿನ ರಸ್ತೆ ಆಗಿಲ್ಲ ಯಾಕೆ?

ಉತ್ತರ: ಕ್ಷೇತ್ರದಲ್ಲಿ 200 ಹಳ್ಳಿ ಇದ್ದರೆ ಹಳ್ಳಿಗೆ 1 ಲಕ್ಷ ಬಂತು. ಅದರಲ್ಲಿ ರಸ್ತೆ ಎಲ್ಲಿಂದ? ಶಾಲೆ ಕೊಠಡಿ, ಬಸ್ ತಂಗುದಾಣ, ಸಮುದಾಯ ಭವನಕ್ಕೆ ಅದು ಖರ್ಚಾಗುತ್ತೆ. ದುಡ್ಡು ಇರುವುದೂ ಶಾಸಕರ ಹತ್ತಿರ ಅಲ್ಲ. ಅವರು ಕಾಮಗಾರಿ ಸೂಚಿಸುತ್ತಾರೆ, ಮಂಜೂರು ಮಾಡುವುದು ಜಿಲ್ಲಾಧಿಕಾರಿ. ರಸ್ತೆ ಬೇಕಾದರೆ ಲೋಕೋಪಯೋಗಿ ಅಥವಾ ಪಂಚಾಯತ್ ರಾಜ್ ಇಲಾಖೆಯಿಂದ ಅನುದಾನ ತರಬೇಕು, ಬುಧವಾರ ಬೆಂಗಳೂರಿನಲ್ಲಿ ನಡೆಯುವುದು ಅದೇ ಓಡಾಟ.

ಪ್ರಶ್ನೆ: ನಮ್ಮ ಊರಿನ ವಿಷಯ ವಿಧಾನಸಭೆಯಲ್ಲಿ ಕೇಳಿಸಬಹುದಾ? ಯಾರು ಹೇಗೆ ಬರೆಯುತ್ತಾರೆ?

ಉತ್ತರ: ಈ ಪ್ರಶ್ನೆಗೆ ಕಾಯುತ್ತಿದ್ದೆ! ಎಷ್ಟೋ ಜನ ಟಿವಿಯಲ್ಲಿ ಕೂಗಾಟ ನೋಡಿ ಪ್ರಶ್ನೆ ಅಂದರೆ ಅದೇ ಅಂದುಕೊಂಡಿದ್ದಾರೆ. ಚುಕ್ಕೆ ಗುರುತಿನ ಪ್ರಶ್ನೆಗೆ ಸದನದಲ್ಲಿ ಬಾಯಲ್ಲೇ ಉತ್ತರ, ಉಪಪ್ರಶ್ನೆ ಕೇಳಬಹುದು. ಚುಕ್ಕೆ ಇಲ್ಲದ್ದಕ್ಕೆ ಲಿಖಿತ ಉತ್ತರ ಮಾತ್ರ. ನನ್ನ ಮಟ್ಟಿಗೆ ಚುಕ್ಕೆ ಇಲ್ಲದ ಪ್ರಶ್ನೆಯೇ ಹೆಚ್ಚು ಉಪಯೋಗ. "ಎಲ್‌ಎ ಕ್ಯೂ ಬಂದಿದೆ" (ಲೆಜಿಸ್ಲೇಟಿವ್ ಅಸೆಂಬ್ಲಿ ಕ್ವೆಶ್ಚನ್, ಅಂದರೆ ವಿಧಾನಸಭೆ ಪ್ರಶ್ನೆ) ಅಂದರೆ ಸಾಕು, ವಿಧಾನಸೌಧದಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ, ಅಲ್ಲಿಂದ ಗ್ರಾಮ ಪಂಚಾಯಿತಿಯ ಪಿಡಿಒವರೆಗೆ ಫೋನ್ ಓಡುತ್ತೆ. ಸಂಜೆಯೊಳಗೆ ಮಾಹಿತಿ ಕೊಡಿ ಅಂತಾರೆ. ಧೂಳು ತಿನ್ನುತ್ತಿದ್ದ ಕಡತ ಆಗ ಮೇಜಿನ ಮೇಲೆ ಬರುತ್ತೆ.

ಬರೆಯುವುದರಲ್ಲಿ ಜಾಣತನ ಇದೆ. ಪ್ರಶ್ನೆಯನ್ನು ಅ, ಆ, ಇ ಅಂತ ಭಾಗ ಮಾಡುತ್ತೇವೆ. "ರಸ್ತೆ ಹಾಳಾಗಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?" ಅಂತ ಮಾತ್ರ ಕೇಳಿದರೆ "ಬಂದಿದೆ" ಅನ್ನುವ ಒಂದೇ ಪದ ಉತ್ತರ ಬರುತ್ತೆ. ಮುಗೀತು. ಅದರ ಬದಲು ಯಾವ ವರ್ಷ ಎಷ್ಟು ಮಂಜೂರಾಗಿದೆ, ಕಾರ್ಯಾದೇಶ ಕೊಟ್ಟ ದಿನಾಂಕ ಯಾವುದು, ಗುತ್ತಿಗೆದಾರರಿಗೆ ಈವರೆಗೆ ಪಾವತಿಯಾದ ಮೊತ್ತ ಎಷ್ಟು ಅಂತ ಕೇಳಬೇಕು. ಹಾಗಾಗಿ ನೀವು ಬರುವಾಗ ಕಾಮಗಾರಿಯ ಬೋರ್ಡಿನ ಫೋಟೊ ತನ್ನಿ, ಹಳೆಯ ಅರ್ಜಿಯ ನಕಲು ತನ್ನಿ. ಅಧಿವೇಶನ ಶುರುವಾದ ಮೇಲೆ ಓಡಿ ಬರಬೇಡಿ, ಪ್ರಶ್ನೆಗೆ ಮುಂಚಿತವಾಗಿ ನೋಟಿಸ್ ಕೊಡಬೇಕು. ಬೆಳಗಾವಿ ಅಧಿವೇಶನ ಸಾಮಾನ್ಯವಾಗಿ ಡಿಸೆಂಬರಿನಲ್ಲಿ, ಅದಕ್ಕೆ ನವೆಂಬರ್ ಮೊದಲ ವಾರವೇ ಬಂದರೆ ಒಳ್ಳೆಯದು.

ಪ್ರಶ್ನೆ: ನಾವು ಇವರಿಗೆ ಓಟೇ ಹಾಕಿಲ್ಲ, ಊರಿಗೆಲ್ಲ ಗೊತ್ತು. ಬಂದ್ರೆ ಕೆಲಸ ಮಾಡಿಕೊಡ್ತೀರಾ?

ಉತ್ತರ: ಬನ್ನಿ. ಬಾಗಿಲಲ್ಲಿ ನಿಂತಿರುವ ಕಾರ್ಯಕರ್ತ ಮುಖ ಸಿಂಡರಿಸಬಹುದು, ಅದಿಲ್ಲ ಅಂತ ನಾನು ಸುಳ್ಳು ಹೇಳಲ್ಲ. ಬೆಳಿಗ್ಗೆ ಬೇಗ ಬಂದು ನೇರ ನನ್ನ ಟೇಬಲ್ಲಿಗೆ ಬನ್ನಿ. ರಿಜಿಸ್ಟರಿನಲ್ಲಿ ಹೆಸರು, ಊರು, ಕೆಲಸ ಬರೆದುಕೊಳ್ಳುತ್ತೇವೆ. ಪಕ್ಷ ಬರೆಯಲು ಅದರಲ್ಲಿ ಕಾಲಂ ಇಲ್ಲ.

ಪ್ರಶ್ನೆ: ಸರ್, ಮಗಳ ಮದುವೆಗೆ ಪತ್ರಿಕೆ ಕೊಟ್ಟರೆ ಸಾಹೇಬರು ಬರ್ತಾರಾ?

ಉತ್ತರ: ಮುಹೂರ್ತದ ದಿನ ಕಷ್ಟ, ಒಂದೇ ಲಗ್ನಕ್ಕೆ ಕ್ಷೇತ್ರದ ತುಂಬಾ ಮದುವೆ ಇರುತ್ತೆ. ಹಿಂದಿನ ರಾತ್ರಿಯ ಆರತಕ್ಷತೆಗೆ ಕರೆದರೆ ಬರುವುದು ಜಾಸ್ತಿ. ಪತ್ರಿಕೆಯ ಹಿಂದೆ ಛತ್ರಕ್ಕೆ ಬರುವ ದಾರಿ, ಅಲ್ಲೇ ಇರುವ ಒಬ್ಬರ ಫೋನ್ ನಂಬರ್ ದೊಡ್ಡದಾಗಿ ಬರೆಯಿರಿ. ಹುಡುಗಿಯ ಅಪ್ಪನ ನಂಬರ್ ಬೇಡ, ಆ ದಿನ ಅವರು ಫೋನ್ ಎತ್ತಲ್ಲ.