ಪದಚರ್ಚೆ: ಎಂಜಿನ್ ‘ರನ್ನಿಂಗ್ ಇನ್’ಗೆ ಕನ್ನಡ ಪದ ಬೇಕು, ತುರ್ತು

ತುಮಕೂರಿನಿಂದ:
ಅಂತರಸನಹಳ್ಳಿಯ ಒಂದು ಗ್ಯಾರೇಜಿಗೆ ಬೋರ್ಡು ಬರೆದುಕೊಡಬೇಕು. ಸೋಮವಾರ ಪೇಂಟರ್ ಬರುತ್ತಾರೆ. ಲಾರಿ ಎಂಜಿನ್ನಿಗೆ ಹೊಸ ಲೈನರ್ (ಪಿಸ್ಟನ್ ಮೇಲೆ ಕೆಳಗೆ ಆಡುವ ಕೊಳವೆ), ಪಿಸ್ಟನ್, ಅದರ ಸುತ್ತ ಕೂರುವ ರಿಂಗ್ ಹಾಕಿದ ಮೇಲೆ ಮೊದಮೊದಲು ಹೇಗೆ ಓಡಿಸಬೇಕು ಅಂತ ಡ್ರೈವರುಗಳಿಗೆ ಹೇಳುವ ಬೋರ್ಡು. ತಲೆಬರಹಕ್ಕೆ ‘ಪಳಗಿಸುವುದು’ ಅಂದುಕೊಂಡಿದ್ದೇನೆ. ಮಾಲೀಕರು ‘ಮೆಲ್ಲಗೆ ಓಡಿಸಿ’ ಸಾಕು ಅನ್ನುತ್ತಾರೆ. ಅದು ಖಂಡಿತ ಬೇಡ. ಹೋದ ವರ್ಷ ಹಾಗೆ ಹೇಳಿ ಕಳಿಸಿದ ಗಾಡಿಯನ್ನು ಡ್ರೈವರ್ ಬರೀ ಖಾಲಿ ಓಡಿಸಿದ. ಲೋಡಿಗೆ ಕಾಯುವಾಗ ಗಂಟೆಗಟ್ಟಲೆ ಸ್ಟಾರ್ಟಿನಲ್ಲೇ ಬಿಟ್ಟ. ಲೈನರ್ ಕನ್ನಡಿ ಹಾಗೆ ನುಣುಪಾಯಿತು. ರಿಂಗ್ ಕೂರಲೇ ಇಲ್ಲ. ಗಾಡಿ ಆಯಿಲ್ ಕುಡಿಯತೊಡಗಿತು.

ಕೋಲಾರದಿಂದ:
‘ಪಳಗಿಸು’ ತಪ್ಪು. ಪಳಗುವುದು ಜೀವ ಇರುವುದು. ಎತ್ತು ಪಳಗುತ್ತದೆ, ಕಬ್ಬಿಣ ಪಳಗುವುದಿಲ್ಲ. ‘ಹದಗೊಳಿಸು’ ಅನ್ನಿ. ಹಳಗನ್ನಡದ ‘ಪದ’ವೇ ಹದ ಆಗಿದ್ದು, ಪಾಲು ಹಾಲಾದ ಹಾಗೆ. ಮಣ್ಣಿಗೆ ಹದ, ಪಾಕಕ್ಕೆ ಹದ, ಹೊಸ ದೋಸೆ ಕಾವಲಿಗೂ ಹದ. ಇಷ್ಟು ಒಳ್ಳೆ ಪದ ಮನೆಯಲ್ಲೇ ಇದೆ, ಅಲ್ವಾ? ಇನ್ನು ‘ಎಂಜಿನ್’ ಯಾಕೆ? ‘ಯಂತ್ರ’ ಬರೆಯಿರಿ.

ಗೌರಿಬಿದನೂರಿನಿಂದ:
ಇಂಗ್ಲಿಷ್ ಬೇಡ ಅಂತ ಸಂಸ್ಕೃತದ ‘ಯಂತ್ರ’ ತಂದರೆ ಅದು ಕನ್ನಡ ಆಗುತ್ತಾ? ಗಿರಣಿಯೂ ಯಂತ್ರ, ಹೊಲಿಗೆಯದ್ದೂ ಯಂತ್ರ. ಎಂಜಿನ್ ಅಂದರೆ ಮಾತ್ರ ಡ್ರೈವರಿಗೆ ಎಂಜಿನ್. ಡೀಸೆಲ್ ಅನ್ನುವುದು 1893ರಲ್ಲಿ ಈ ಎಂಜಿನ್ನಿಗೆ ಪೇಟೆಂಟ್ ಪಡೆದ ರುಡಾಲ್ಫ್ ಡೀಸೆಲ್ ಹೆಸರು. ಅದನ್ನೂ ಅನುವಾದ ಮಾಡುತ್ತೀರಾ? ಸುಮ್ನೆ ‘ರನ್ನಿಂಗ್’ ಅಂತ ಬರೆಯಿರಿ. ಚರ್ಚೆ ಮುಗಿಯಿತು.

ಮತ್ತೆ ತುಮಕೂರಿನಿಂದ:
‘ರನ್ನಿಂಗ್’ ಬರೆದರೆ ಕೆಡುತ್ತದೆ. ನಮ್ಮಲ್ಲಿ ‘ಗಾಡಿ ರನ್ನಿಂಗಲ್ಲಿದೆ’ ಅಂದರೆ ಚೆನ್ನಾಗಿ ಓಡುತ್ತಿದೆ, ಯೋಚನೆ ಬೇಡ ಅಂತ ಅರ್ಥ. ಹದ ಚೆಂದದ ಪದ, ಒಪ್ಪುತ್ತೇನೆ. ಆದರೆ ಬೆಂಕಿ ಸಣ್ಣ ಮಾಡಿ ಕಾಯುವುದೂ ಹದವೇ. ಇಲ್ಲಿ ಕಾಯುವುದೇ ಕೇಡು. ಎತ್ತನ್ನು ಕೊಟ್ಟಿಗೆಯಲ್ಲಿ ಕಟ್ಟಿ ಯಾರೂ ಪಳಗಿಸುವುದಿಲ್ಲ. ನೊಗ ಹೂಡುತ್ತಾರೆ. ಮೊದಲು ಹಗುರ ಹೊರೆ, ಆಮೇಲೆ ಜಾಸ್ತಿ. ಎಂಜಿನ್ನಿಗೂ ಹೊರೆ ಬೇಕು. ಹೊರೆ ಬಿದ್ದಾಗ ಉರಿದ ಗ್ಯಾಸು ರಿಂಗಿನ ಹಿಂದೆ ನುಗ್ಗಿ ಅದನ್ನು ಲೈನರ್ ಗೋಡೆಗೆ ಒತ್ತುತ್ತದೆ. ಲೈನರ್ ಒಳಗೋಡೆಗೆ ಕಲ್ಲಿನಿಂದ ಉಜ್ಜಿ ಹಾಕಿದ ಸಣ್ಣ ಗೀರುಗಳ, ಅಂದರೆ ಹೋನಿಂಗ್ ಗೆರೆಗಳ, ಚೂಪು ಸವೆದು ಎರಡೂ ಒಂದಕ್ಕೊಂದು ಕೂರುತ್ತವೆ. ಅದಕ್ಕೇ ನನಗೆ ಈ ಪದ ಬೇಕು. ಕಬ್ಬಿಣಕ್ಕೆ ಜೀವ ಇಲ್ಲದಿದ್ದರೂ ‘ಪಳಗಿದ ಕೈ’ ಅನ್ನುವಾಗ ನಾವು ಕೆಲಸದಲ್ಲಿ ಸವೆದದ್ದನ್ನೇ ಹೇಳುತ್ತೇವೆ.

ಬೋರ್ಡು ಹೀಗೆ ಬರೆಸುತ್ತಿದ್ದೇನೆ. ಕಾಗುಣಿತ ತಪ್ಪಿದ್ದರೆ ಭಾನುವಾರದೊಳಗೆ ಹೇಳಿ:

ಹೊಸ ಎಂಜಿನ್ ಪಳಗಿಸಿ. ಸ್ಟಾರ್ಟಿನಲ್ಲೇ ಬಿಟ್ಟು ನಿಲ್ಲಿಸಬೇಡಿ. ಅರ್ಧ ಲೋಡಿನಿಂದ ಶುರು ಮಾಡಿ. ಶಿರಾ ರಸ್ತೆ ನೇರ ಇದೆ ಅಂತ ಒಂದೇ ಸ್ಪೀಡ್ ಹಿಡಿಯಬೇಡಿ. ಟಾಪ್ ಗೇರಿನಲ್ಲಿ ದಿಬ್ಬ ಏರಿಸಬೇಡಿ. ಮೊದಲ ಆಯಿಲ್ ಬೇಗ ಬದಲಿಸಿ.