ಪದಚರ್ಚೆ: ಚಾರಣದಲ್ಲಿ ಪಿಸ್ತೂಲನ್ನು ಎದೆಗೆ ಕಟ್ಟಿಕೊಳ್ಳುವ ಸಾಧನಕ್ಕೆ ಕನ್ನಡದಲ್ಲಿ ಏನನ್ನೋಣ?

ಸಿಯಾಟಲ್‌ನಿಂದ:

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕು, ಸ್ವಲ್ಪ ಅವಸರ ಇದೆ. ನಮ್ಮ ಚಾರಣದ ಗುಂಪು ಅಲಾಸ್ಕಾಗೆ ಹೊರಟಿದೆ. ಕರಡಿ ಇರುವ ಕಾಡು. ಊರಿಂದ ಬಂದಿರುವ ಅಪ್ಪ ಅಮ್ಮಂದಿರೂ ಓದಲಿ ಅಂತ ಕನ್ನಡದಲ್ಲೇ ಕೈಪಿಡಿ ಮಾಡುತ್ತಿದ್ದೇವೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು.

ಕೆಲವರ ಹತ್ತಿರ ಪಿಸ್ತೂಲಿದೆ. ಬೆನ್ನುಚೀಲ ಹೊತ್ತಾಗ ಅದನ್ನು ಎಲ್ಲಿಟ್ಟುಕೊಳ್ಳುವುದು ಅನ್ನುವುದೇ ದೊಡ್ಡ ತಲೆನೋವು. ಸೊಂಟಕ್ಕೆ ಸಿಕ್ಕಿಸಿದರೆ ಚೀಲದ ಸೊಂಟಪಟ್ಟಿ ಸರಿಯಾಗಿ ಅದರ ಮೇಲೇ ಬಂದು ಕೂರುತ್ತದೆ. ಸ್ವಲ್ಪ ದೂರ ನಡೆಯುವಷ್ಟರಲ್ಲಿ ಸೊಂಟದ ಮೂಳೆಯ ಹತ್ತಿರ ಚರ್ಮ ಉಜ್ಜಿ ಕೆಂಪಾಗುತ್ತದೆ. ಕಂಕುಳ ಕೆಳಗೆ ತೂಗುಹಾಕಿದರೆ ಭುಜದ ಪಟ್ಟಿ ಅಡ್ಡ. ಚೀಲದ ಒಳಗೆ ಹಾಕಿದರೆ ಕರಡಿ ಬಂದಾಗ ಜಿಪ್ ಹುಡುಕುತ್ತಾ ನಿಲ್ಲಬೇಕು. ಚೀಲದ ಪಟ್ಟಿಗೇ ಕಟ್ಟಿದರೆ, ಚೀಲ ಇಳಿಸಿ ತೊರೆಗೆ ನೀರು ತರಲು ಹೋದಾಗ ಪಿಸ್ತೂಲು ಅಲ್ಲೇ ಉಳಿಯುತ್ತದೆ.

ಅದಕ್ಕೇ ಅಲ್ಲಿನ ಗೈಡುಗಳು, ಮೀನು ಹಿಡಿಯುವವರು ಎದೆಗೆ ಕಟ್ಟಿಕೊಳ್ಳುತ್ತಾರೆ. ಒಂದು ಪಟ್ಟಿ ಭುಜದ ಮೇಲೆ, ಇನ್ನೊಂದು ಎದೆಯ ಸುತ್ತ, ಪಿಸ್ತೂಲು ಎದೆಯ ಮುಂದೆ ಸ್ವಲ್ಪ ಓರೆಯಾಗಿ. ಮೊದಲು ಇದನ್ನು ಕಟ್ಟಿ, ಆಮೇಲೆ ಚೀಲ ಹೊರಬೇಕು. ಚೀಲ ಇಳಿಸಿದರೂ ಇದು ಮೈಮೇಲೇ ಇರುತ್ತದೆ.

ಇದನ್ನು ಚೆಸ್ಟ್ ಹೋಲ್‌ಸ್ಟರ್ ಅನ್ನುತ್ತಾರೆ. ನಾನು ‘ಪಿಸ್ತೂಲು ಚೀಲ’ ಅಂತ ಬರೆದಿದ್ದೆ. ಅಮ್ಮ ಓದಿ, “ಅಷ್ಟೊಂದು ಪಿಸ್ತೂಲು ತುಂಬ್ಕೊಂಡು ಹೋಗ್ತೀರಾ?” ಅಂದರು. ಬೇರೆ ಏನಾದರೂ ಹೇಳಿ.

ಮೈಸೂರಿನಿಂದ:

ಒರೆ. ಇದಕ್ಕೆ ಚರ್ಚೆಯೇ ಬೇಕಿಲ್ಲ. ಕತ್ತಿಗೆ ಒರೆ ಇದ್ದಮೇಲೆ ಪಿಸ್ತೂಲಿಗೆ ಯಾಕೆ ಬೇಡ? ಎದೆಯದು ಎದೆಯೊರೆ, ಸೊಂಟದ್ದು ಸೊಂಟದೊರೆ. ಹಾಗೆಯೇ ಆ ‘ಪಿಸ್ತೂಲು’ ತೆಗೆದುಹಾಕಿ, ‘ಕೈಕೋವಿ’ ಅನ್ನಿ. ಕೋವಿ ಅಚ್ಚಗನ್ನಡ. ಅಪ್ಪ ಅಮ್ಮಂದಿರಿಗೆ ಅರ್ಥವಾಗುವುದಿಲ್ಲ ಅಂತ ಯಾರೂ ತಕರಾರು ತೆಗೆಯಬೇಡಿ.

ಬೆಂಗಳೂರಿನಿಂದ:

ಸೊಂಟದೊರೆ! ಈ ದೊರೆ ಯಾವ ಸೀಮೆ ಆಳುತ್ತಾನೆ ಸರ್? ಬಿಡಿಸಿ ಬರೆಯದಿದ್ದರೆ ಓದುವವರೆಲ್ಲ ‘ಸೊಂಟದ ದೊರೆ’ ಅಂತಲೇ ಓದುತ್ತಾರೆ. ಇನ್ನು ಬರೀ ಒರೆ ಅಂದರೆ ಈಗಿನವರಿಗೆ ನೆನಪಾಗುವುದು ಒರೆಗಲ್ಲು. ಪಿಸ್ತೂಲನ್ನು ಒರೆಗೆ ಹಚ್ಚಬೇಕಾ, ಒರೆಗೆ ಹಾಕಬೇಕಾ? ಸುಮ್ನೆ ಹೋಲ್‌ಸ್ಟರ್ ಅಂತ ಬರೆಯಿರಿ. ಬಸ್ಸು, ಟಿಕೆಟ್ಟು ಅಂದಹಾಗೆ ಇದೂ ಒಂದು.

ಅಂದಹಾಗೆ ‘ತಕರಾರು’ ಅರಬ್ಬಿ. ಅಚ್ಚಗನ್ನಡದ ಪಾಠದಲ್ಲೇ ನುಸುಳಿದೆ.

ಮೈಸೂರಿನಿಂದ:

ತಿಳಿಯದೆ ನಗಬಾರದು. ಕತ್ತಿಯ ಒರೆ ಹಳಗನ್ನಡದಲ್ಲಿ ‘ಒಱೆ’. ಉಜ್ಜಿ ನೋಡುವ ಒರೆ ಬೇರೆ, ಅದಕ್ಕೆ ಮಾಮೂಲಿ ರಕಾರ. ತಮಿಳಿನಲ್ಲಿ ಇವತ್ತಿಗೂ ಎರಡೂ ಬೇರೆ ಬೇರೆ ಅಕ್ಷರ, ಅವರಿಗೆ ಈ ಗೊಂದಲವೇ ಇಲ್ಲ. ಱ ಕೈಬಿಟ್ಟವರು ನಾವು. ಕೈಪಿಡಿಯಲ್ಲಿ ‘ಎದೆಯೊಱೆ’ ಅಂತಲೇ ಅಚ್ಚು ಹಾಕಿಸಿ, ಕೆಳಗೆ ಒಂದು ಸಾಲಿನ ಟಿಪ್ಪಣಿ ಕೊಡಿ.

ಬೆಂಗಳೂರಿನಿಂದ:

ಕರಡಿ ಎದುರಿಗೆ ನಿಂತಾಗ ಅಡಿಟಿಪ್ಪಣಿ ಓದುತ್ತಾರೆ ಅಲ್ವಾ.

ಮಡಿಕೇರಿಯಿಂದ:

ಕೋವಿ ವಿಷಯ ಬಂತಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಕೊಡವ ತಕ್ಕ್‌ನಲ್ಲಿ ನಾವು ತೋಕ್ ಅನ್ನುತ್ತೇವೆ. ಕನ್ನಡ ಮಾತಾಡುವಾಗ ಕೋವಿ. ಅದು ಹೆಗಲಿಗೆ ಕೊಟ್ಟು ಹೊಡೆಯುವ, ಉದ್ದ ನಳಿಗೆಯದು. ಆಯುಧಗಳನ್ನು ಪೂಜಿಸುವ ಕೈಲ್‌ಪೊಳ್ದ್ ಹಬ್ಬದ ದಿನ ಅದರ ಬಾಯಿಗೆ ತೋಕ್‌ಪೂ ಅನ್ನುವ ಹೂವನ್ನು ಸಿಕ್ಕಿಸಿ ಪೂಜೆ ಮಾಡುತ್ತೇವೆ. ಪಿಸ್ತೂಲನ್ನು ಯಾರೂ ಕೋವಿ ಅನ್ನುವುದಿಲ್ಲ, ಹಿಂದೆ ‘ಕೈ’ ಸೇರಿಸಿದರೂ ಅಷ್ಟೇ.

ಮೈಮೇಲೆ ಕಟ್ಟಿಕೊಳ್ಳುವುದಕ್ಕೆ ನಮ್ಮಲ್ಲೊಂದು ಪದ ಇದೆ, ತೊಡಂಗ್. ನಮ್ಮ ಉದ್ದನೆಯ ಅಂಗಿ ಕುಪ್ಯ ಉಟ್ಟಾಗ ಒಡಿಕತ್ತಿಯನ್ನು ಬೆನ್ನ ಹಿಂದೆ, ಸೊಂಟದ ಹತ್ತಿರ, ಈ ತೊಡಂಗಿಗೆ ಸಿಕ್ಕಿಸುತ್ತೇವೆ. ಆದರೆ ಇದನ್ನು ತಗೊಳ್ಳಿ ಅಂತ ನಾನು ಹೇಳುವುದಿಲ್ಲ. ಮೊದಲನೆಯದು, ಬೆನ್ನುಚೀಲ ಇದ್ದರೆ ಹಿಂದೆ ಜಾಗವೇ ಇಲ್ಲ. ಎರಡನೆಯದು, ತೊಡಂಗ್ ಕತ್ತಿಯನ್ನು ಹಿಡಿದುಕೊಳ್ಳುತ್ತದೆ, ಮುಚ್ಚುವುದಿಲ್ಲ. ಪಿಸ್ತೂಲಿಗೆ ಮುಚ್ಚುವುದೇ ಮುಖ್ಯ. ಟ್ರಿಗರ್ ಪೂರ್ತಿ ಒಳಗಿರಬೇಕು. ಬಳ್ಳಿ, ಚೀಲದ ದಾರ, ಜಾಕೆಟ್ಟಿನ ತುದಿ ಏನೂ ಅದಕ್ಕೆ ಸಿಕ್ಕಿಕೊಳ್ಳಬಾರದು. ಮುಗ್ಗರಿಸಿ ಬಿದ್ದರೂ ಜಾರಿ ಹೊರಗೆ ಬರಬಾರದು. ಮುಚ್ಚುವುದಕ್ಕೆ ಕನ್ನಡದಲ್ಲಿ ಒರೆಯೇ ಸರಿ. ಮೈಸೂರಿನವರು ಅಷ್ಟರಮಟ್ಟಿಗೆ ಸರಿ ಹೇಳಿದ್ದಾರೆ.

ಕ್ಯಾಲಿಫೋರ್ನಿಯಾದಿಂದ:

ಪದ ಆಮೇಲೆ ನೋಡೋಣ. ಕೈಪಿಡಿಯಲ್ಲಿ ಇದನ್ನು ಮೊದಲು ಹಾಕಿ: ಎಚ್-1ಬಿ ಅನ್ನುವ ಕೆಲಸದ ವೀಸಾ, ಪ್ರವಾಸಿ ವೀಸಾ ಥರದವುಗಳಲ್ಲಿ ಇರುವವರು ಅಮೆರಿಕದಲ್ಲಿ ಪಿಸ್ತೂಲು ಇಟ್ಟುಕೊಳ್ಳುವುದು ಫೆಡರಲ್ ಕಾನೂನಿನ ಪ್ರಕಾರ ಅಪರಾಧ. ಬೇಟೆ ಲೈಸೆನ್ಸ್ ಥರ ಕೆಲವೇ ವಿನಾಯಿತಿಗಳಿವೆ. ಗ್ರೀನ್ ಕಾರ್ಡ್ ಇರುವವರಿಗೆ ಈ ತೊಂದರೆ ಇಲ್ಲ. ಗೆಳೆಯನ ಪಿಸ್ತೂಲನ್ನು ಸ್ವಲ್ಪ ಹೊತ್ತು ಎದೆಗೆ ಕಟ್ಟಿಕೊಂಡು ನಡೆದರೂ ಸಿಕ್ಕಿಬೀಳಬಹುದು. ವೀಸಾ ಹೋದಮೇಲೆ ಒಱೆ ಬರೆದರೇನು, ಒರೆ ಬರೆದರೇನು?

ರಾಷ್ಟ್ರೀಯ ಉದ್ಯಾನಗಳಲ್ಲಿ 2010ರ ಫೆಬ್ರುವರಿ 22ರಿಂದ ಆಯಾ ರಾಜ್ಯದ ಕಾನೂನಿನಂತೆ ಬಂದೂಕು ಇಟ್ಟುಕೊಳ್ಳಬಹುದು. ಆದರೆ ಅಲ್ಲಿನ ಸರ್ಕಾರಿ ಕಟ್ಟಡಗಳ ಒಳಗೆ ತರುವಂತಿಲ್ಲ. ಬಾಗಿಲಲ್ಲೇ ಬೋರ್ಡ್ ಇರುತ್ತದೆ. ಕರಡಿಯನ್ನು ಓಡಿಸುವ ಖಾರದ ಕರಡಿ ಸ್ಪ್ರೇ ಎಲ್ಲರ ಹತ್ತಿರವೂ ಇರಲಿ, ಅದೂ ಕೈಗೆ ಸಿಗುವ ಹಾಗೆ. ಅದನ್ನು ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲ, ಲಗೇಜಿನಲ್ಲೂ ಇಲ್ಲ. ಅಲಾಸ್ಕಾದ ಆಂಕರೇಜ್‌ನಲ್ಲಿ ಇಳಿದಮೇಲೆ ಕೊಳ್ಳಿ.

ಮಂಗಳೂರಿನಿಂದ:

ಒಂದು ಸಣ್ಣ ಮಾತು. ‘ಪಿಸ್ತೂಲು’ ಹೊರಗಿನದು ಅಂತ ಓಡಿಸುವವರು ಅದರ ಬೇರನ್ನೂ ನೋಡಿ ಮಾರಾಯ್ರೆ. ಚೆಕ್ ಭಾಷೆಯಲ್ಲಿ ಕೊಳವೆಗೆ, ಪೀಪಿಗೆ ಇರುವ ಪದದಿಂದ ಅದು ಬಂತು ಅನ್ನುವುದು ಹೆಚ್ಚು ಜನ ಒಪ್ಪುವ ಮಾತು. ಕೋವಿ ಅಂದರೂ ಮೂಲದಲ್ಲಿ ಕೊಳವೆಯೇ. ಬಂದೂಕು ಅರಬ್ಬಿಯ ಕಾಯಿಯೊಂದರ ಹೆಸರು, ತುಪಾಕಿ ತುರ್ಕಿಯದು. ಗುಂಡು ಹಾರಿಸುವ ಸಾಮಾನೇ ಹಡಗಿನಲ್ಲಿ ಬಂದಿಳಿದಿದ್ದು, ಹೆಸರು ಮಾತ್ರ ಇಲ್ಲೇ ಹುಟ್ಟಬೇಕಾ? ‘ಪಿಸ್ತೂಲು’ ಇರಲಿ, ‘ಒರೆ’ಯೂ ಇರಲಿ.

ಮೈಸೂರಿನಿಂದ:

ಬೇರು ಹೊರಗಿನದು ಅಂತ ಗೊತ್ತಿದ್ದೂ ಇಟ್ಟುಕೊಳ್ಳುವುದನ್ನು ಸೋಮಾರಿತನ ಅನ್ನುತ್ತಾರೆ.

ಬೆಂಗಳೂರಿನಿಂದ:

ಕುರ್ಚಿ ಅರಬ್ಬಿ, ಕಾಗದ ಪಾರಸಿ. ನಾಳೆಯಿಂದ ನೆಲದ ಮೇಲೆ ಕೂತು ತಾಳೆಗರಿಯಲ್ಲಿ ಬರೆಯಿರಿ ಸರ್.

ಸಿಯಾಟಲ್‌ನಿಂದ:

ಎಲ್ಲರಿಗೂ ಥ್ಯಾಂಕ್ಸ್. ‘ಪಿಸ್ತೂಲಿನ ಒರೆ’, ‘ಎದೆಗೆ ಕಟ್ಟುವ ಒರೆ’ ಅಂತ ಬಿಡಿಸಿ ಬರೆದಿದ್ದೇನೆ. ದೊರೆಯ ಕಾಟ ಇಲ್ಲ. ಮೊದಲ ಸಲ ಬರುವಲ್ಲಿ ಮಾತ್ರ ಪಕ್ಕದಲ್ಲಿ ‘ಹೋಲ್‌ಸ್ಟರ್’ ಇದೆ. ಟ್ರಿಗರ್ ಮುಚ್ಚಿರಬೇಕು ಅನ್ನುವುದನ್ನು ದಪ್ಪಕ್ಷರದಲ್ಲಿ ಹಾಕಿದ್ದೇನೆ, ವೀಸಾ ವಿಷಯ ಮೊದಲ ಪುಟಕ್ಕೆ ಹೋಗಿದೆ. ಅದನ್ನು ಓದಿ ಗುಂಪಿನ ಇಬ್ಬರು ಪಿಸ್ತೂಲಿನ ಯೋಚನೆಯನ್ನೇ ಬಿಟ್ಟರು. ಅಮ್ಮನಿಗೂ ಅರ್ಥವಾಯಿತು. ಕಡತ ಅಚ್ಚಿನವರಿಗೆ ಹೋಯಿತು.

ಮೈಸೂರಿನಿಂದ:

ಱ ಹಾಕಿದ್ದೀರಾ, ಇಲ್ಲವಾ?