ಗಂಡ ಹೆಂಡತಿ ಇಬ್ಬರೂ ಶಿಕ್ಷಕರು: ಮಗುವಿನ ಮೊದಲ ವರ್ಷ ಮತ್ತು ದೂರದ ಪ್ರಯಾಣದ ಬಗ್ಗೆ ಅನುಭವಸ್ಥರ ಸಲಹೆ ಬೇಕು

ಪ್ರಶ್ನೆ

ನಾನು ಪದವಿ ಕಾಲೇಜಿನಲ್ಲಿ ಉಪನ್ಯಾಸಕ, ನನ್ನ ಹೆಂಡತಿ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ನಮ್ಮ ಮಗಳಿಗೆ ಈಗ ನಾಲ್ಕು ತಿಂಗಳು. ಮಗುವಿಗೆ ಆರು ತಿಂಗಳು ತುಂಬುವ ಹೊತ್ತಿಗೆ ಹೆಂಡತಿಯ ಹೆರಿಗೆ ರಜೆ ಮುಗಿಯುತ್ತದೆ. ಅದಾಗಿ ಎರಡು ತಿಂಗಳಿಗೆ ನಮ್ಮಿಬ್ಬರಿಗೂ ಒಟ್ಟಿಗೆ ರಜೆ ಸಿಗುವುದರಿಂದ, ಬೇರೆ ದೇಶದಲ್ಲಿರುವ ಅಣ್ಣನ ಮನೆಗೆ ವಿಮಾನದಲ್ಲಿ ಹೋಗಿಬರಬೇಕೆಂಬ ಆಸೆಯಿದೆ. ತರಗತಿ, ಪೇಪರ್ ತಿದ್ದುವ ಕೆಲಸ, ರಾತ್ರಿಯ ನಿದ್ದೆ ಇವನ್ನೆಲ್ಲ ನೀವು ಹೇಗೆ ಹೊಂದಿಸಿಕೊಂಡಿರಿ? ಎಂಟು ತಿಂಗಳ ಕೂಸನ್ನು ಅಷ್ಟು ದೂರ ಕರೆದೊಯ್ಯುವುದು ಸರಿಯೇ? ಹೋಗುವುದಾದರೆ ಮೊದಲೇ ಏನೇನು ನೋಡಿಕೊಳ್ಳಬೇಕು? ವೈದ್ಯರನ್ನು ಕೇಳುತ್ತಲೇ ಇದ್ದೇವೆ. ಆದರೂ ಶಾಲೆಯ ಬೆಲ್ಲಿಗೂ ಮಗುವಿನ ಹಸಿವಿಗೂ ಹೊಂದಿಸಿ ಬದುಕಿದವರ ಮಾತು ಬೇರೆಯೇ ಎಂದುಕೊಂಡು ಕೇಳುತ್ತಿದ್ದೇನೆ.

ಪ್ರೌಢಶಾಲೆಯ ಗಣಿತ ಶಿಕ್ಷಕಿಯೊಬ್ಬರ ಉತ್ತರ

ಸರ್, ನಿಮ್ಮ ಪ್ರಶ್ನೆಯಲ್ಲಿ ಪ್ರಯಾಣವೇ ದೊಡ್ಡದಾಗಿ ಕಾಣುತ್ತಿದೆಯಾದರೂ, ನನಗೆ ಹೆಚ್ಚು ಕಷ್ಟವಾದದ್ದು ರಜೆ ಮುಗಿಸಿ ಶಾಲೆಗೆ ಮರಳಿದ ಮೊದಲ ಎರಡು ವಾರ. ಆದ್ದರಿಂದ ಅದನ್ನೇ ವಿಸ್ತಾರವಾಗಿ ಹೇಳುತ್ತೇನೆ, ಇದನ್ನು ಮೇಡಂ ಅವರಿಗೂ ಓದಿಸಿ.

ಕಚೇರಿಯ ಕೆಲಸದಲ್ಲಿ ಹತ್ತು ನಿಮಿಷ ಎದ್ದು ಹೋಗಿ ಬರಬಹುದು. ತರಗತಿಯಲ್ಲಿ ನಲವತ್ತು ಮಕ್ಕಳನ್ನು ಬಿಟ್ಟು ಏಳುವಂತಿಲ್ಲ. ಹಾಗಾಗಿ ಹಾಲೂಡಿಸುವ ತಾಯಿಗೆ ಎಷ್ಟು ಪೀರಿಯಡ್ ಇದೆ ಎನ್ನುವುದಕ್ಕಿಂತ, ಖಾಲಿ ಪೀರಿಯಡ್ ದಿನದ ಯಾವ ಹೊತ್ತಿನಲ್ಲಿ ಬರುತ್ತದೆ ಎನ್ನುವುದೇ ಮುಖ್ಯ. ನಾಲ್ಕು ತರಗತಿಗಳು ಸಾಲಾಗಿ ಬಂದರೆ ಎದೆ ಕಟ್ಟಿಕೊಂಡು ನೋವು ಶುರುವಾಗುತ್ತದೆ, ಪಾಠದ ಕಡೆ ಗಮನ ನಿಲ್ಲುವುದಿಲ್ಲ. ನಾನು ರಜೆಯಲ್ಲಿದ್ದಾಗಲೇ ವೇಳಾಪಟ್ಟಿ ತಯಾರಿಸುವವರಿಗೆ ಪತ್ರ ಬರೆದು, ತರಗತಿಗಳ ಸಂಖ್ಯೆ ಕಡಿಮೆ ಮಾಡುವುದು ಬೇಡ, ಬೆಳಿಗ್ಗೆ ಒಂದು ಮತ್ತು ಮಧ್ಯಾಹ್ನ ಒಂದು ಪೀರಿಯಡ್ ಖಾಲಿ ಇರುವಂತೆ ಹೊಂದಿಸಿ ಕೊಡಿ ಎಂದು ಕೇಳಿಕೊಂಡೆ. ಬಾಯಿಮಾತಿನಲ್ಲಿ ಕೇಳಿದ್ದರೆ 'ನೋಡೋಣ' ಎಂಬ ಉತ್ತರ ಬರುತ್ತಿತ್ತು. ಪತ್ರಕ್ಕೆ ಉತ್ತರ ಕೊಡಲೇಬೇಕಾಗುತ್ತದೆ. ಕೇಳಲು ಸಂಕೋಚ ಬೇಡ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2000ನೇ ಇಸವಿಯ 183ನೇ ಒಪ್ಪಂದವು ಕನಿಷ್ಠ 14 ವಾರಗಳ ಹೆರಿಗೆ ರಜೆಯ ಜೊತೆಗೆ, ಹಾಲೂಡಿಸಲು ದಿನಕ್ಕೆ ಒಂದು ಅಥವಾ ಹೆಚ್ಚು ಬಿಡುವು ಇರಬೇಕೆಂದೂ, ಆ ಬಿಡುವನ್ನು ಸಂಬಳವಿರುವ ಕೆಲಸದ ಅವಧಿಯೆಂದೇ ಎಣಿಸಬೇಕೆಂದೂ ಹೇಳುತ್ತದೆ. ಎಲ್ಲ ದೇಶಗಳೂ ಅದಕ್ಕೆ ಸಹಿ ಹಾಕಿಲ್ಲ. ಆದರೂ ನಿಮ್ಮಲ್ಲಿ ಜಾರಿಯಲ್ಲಿರುವ ಕಾನೂನನ್ನು ಒಮ್ಮೆ ಓದಿಕೊಂಡು ಹೋದರೆ ಮಾತಿಗೆ ತೂಕ ಬರುತ್ತದೆ.

ಜಾಗದ ವಿಷಯ ಇನ್ನೊಂದು. ನಮ್ಮ ಶಾಲೆಯಲ್ಲಿ ಪ್ರತ್ಯೇಕ ಕೋಣೆ ಇರಲಿಲ್ಲ, ಶೌಚಾಲಯಕ್ಕೆ ಹೋಗಿ ಎಂದರು. ಅದಕ್ಕೆ ನಾನು ಒಪ್ಪಲಿಲ್ಲ. ಕೊನೆಗೆ ಪ್ರಯೋಗಾಲಯದ ಪಕ್ಕದಲ್ಲಿ ಭೂಪಟಗಳನ್ನು ಸುತ್ತಿ ನಿಲ್ಲಿಸಿದ್ದ ಉಗ್ರಾಣ ಸಿಕ್ಕಿತು. ಒಳಗಿನಿಂದ ಚಿಲಕ, ಒಂದು ಕುರ್ಚಿ, ಪಂಪಿಗೆ ಒಂದು ಪ್ಲಗ್, ಇಷ್ಟು ಸಾಕಾಯಿತು. ಬಾಟಲಿಯ ಮೇಲೆ ಬಿಳಿ ಟೇಪ್ ಅಂಟಿಸಿ ದಿನಾಂಕ ಮತ್ತು ಹೊತ್ತನ್ನು ಬರೆದು, ಸ್ಟಾಫ್ ರೂಮಿನ ಫ್ರಿಜ್‌ನಲ್ಲಿ ಬಾಗಿಲ ಕಡೆಗಲ್ಲದೆ ಹಿಂಭಾಗದಲ್ಲಿ ಇಡುತ್ತಿದ್ದೆ, ಏಕೆಂದರೆ ತೆಗೆದು ಮುಚ್ಚುವ ಬಾಗಿಲಿನ ಬಳಿ ತಂಪು ನಿಲ್ಲುವುದಿಲ್ಲ. ಆಗಷ್ಟೇ ತೆಗೆದ ತಾಯಿಹಾಲು 25 ಡಿಗ್ರಿಗಿಂತ ಹೆಚ್ಚಿಲ್ಲದ ಕೋಣೆಯಲ್ಲಿ 4 ಗಂಟೆ, ಫ್ರಿಜ್‌ನಲ್ಲಿ 4 ದಿನ, ಐಸ್ ಪ್ಯಾಕ್ ಇರುವ ತಂಪು ಚೀಲದಲ್ಲಿ 24 ಗಂಟೆ ಇರುತ್ತದೆ. ಫ್ರೀಜರ್‌ನಲ್ಲಿಟ್ಟದ್ದನ್ನು ಆರು ತಿಂಗಳೊಳಗೆ ಬಳಸುವುದು ಒಳ್ಳೆಯದು, ಒಮ್ಮೆ ಕರಗಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬಾರದು. ಮಗು ಕುಡಿದು ಉಳಿಸಿದ ಹಾಲನ್ನು ಎರಡು ಗಂಟೆಯೊಳಗೆ ಕುಡಿಸಬೇಕು, ಇಲ್ಲದಿದ್ದರೆ ಚೆಲ್ಲಬೇಕು. ಚೆಲ್ಲುವಾಗ ಕರುಳು ಚುರುಕ್ ಎನ್ನುತ್ತದೆ, ಅದು ಬೇರೆ ಮಾತು.

ಒಂದು ಎಚ್ಚರಿಕೆ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ಆರು ತಿಂಗಳವರೆಗೆ ತಾಯಿಹಾಲು ಮಾತ್ರ, ಅನಂತರ ಪೂರಕ ಆಹಾರ ಶುರು. ನಿಮ್ಮ ಲೆಕ್ಕದಲ್ಲಿ ಹೊಸ ಆಹಾರ, ತಾಯಿ ಕೆಲಸಕ್ಕೆ ಮರಳುವುದು, ಹಗಲು ಬೇರೆಯವರ ಕೈಯಲ್ಲಿ ಮಗು ಇರುವುದು ಇವು ಮೂರೂ ಒಂದೇ ವಾರದಲ್ಲಿ ಬಂದು ಕುಳಿತಿವೆ. ಇವನ್ನು ಬಿಡಿಸಿ. ಮಗುವನ್ನು ನೋಡಿಕೊಳ್ಳುವವರು ಯಾರೇ ಆಗಿರಲಿ, ಮೇಡಂ ಇನ್ನೂ ಮನೆಯಲ್ಲಿರುವಾಗಲೇ ದಿನಕ್ಕೆ ಒಂದೆರಡು ಗಂಟೆ ಅವರ ಬಳಿ ಬಿಟ್ಟು ರೂಢಿ ಮಾಡಿಸಿ. ಬಾಟಲಿಯನ್ನೋ ಒಳಲೆಯನ್ನೋ ಅವರ ಕೈಯಿಂದಲೇ ಕುಡಿಸಿ. ತಾಯಿಯ ವಾಸನೆ ಹತ್ತಿರದಲ್ಲಿದ್ದರೆ ಎಷ್ಟೋ ಕೂಸುಗಳು ಬೇರೆ ಯಾವುದನ್ನೂ ಬಾಯಿಗೆ ಸೇರಿಸುವುದಿಲ್ಲ.

ಕಾಲೇಜು ಅಧ್ಯಾಪಕರೊಬ್ಬರ ಉತ್ತರ

ಮೇಡಂ ಹಗಲಿನ ವಿಷಯ ಹೇಳಿದ್ದಾರೆ, ನಾನು ರಾತ್ರಿಯ ವಿಷಯ ಹೇಳುತ್ತೇನೆ. ಮೊದಲ ಮೂರು ತಿಂಗಳು ಕೂಸು ದಿನಕ್ಕೆ 14ರಿಂದ 17 ಗಂಟೆ, ನಾಲ್ಕರಿಂದ ಹನ್ನೊಂದು ತಿಂಗಳವರೆಗೆ 12ರಿಂದ 16 ಗಂಟೆ ನಿದ್ದೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ ಹೇಳುತ್ತದೆ. ಕೇಳಲು ಸೊಗಸಾಗಿದೆ, ಆದರೆ ಆ ನಿದ್ದೆ ತುಂಡು ತುಂಡಾಗಿ ಬರುತ್ತದೆ, ತಂದೆ ತಾಯಿಯ ನಿದ್ದೆಯನ್ನೂ ತುಂಡು ಮಾಡುತ್ತದೆ. ನಾವು ರಾತ್ರಿಯನ್ನು ಎರಡು ಪಾಳಿ ಮಾಡಿದೆವು. ಹತ್ತರಿಂದ ಎರಡರವರೆಗೆ ನಾನು, ಎರಡರಿಂದ ಬೆಳಗಿನವರೆಗೆ ಅವಳು. ಮರುದಿನ ಯಾರಿಗೆ ಮೊದಲ ಪೀರಿಯಡ್ ಇದೆಯೋ ಅವರಿಗೆ ಬೆಳಗಿನ ಜಾವದ ಪಾಳಿ ಇಲ್ಲ. ಒಬ್ಬರಿಗಾದರೂ ನಾಲ್ಕು ಗಂಟೆಯ ಅಖಂಡ ನಿದ್ದೆ ಸಿಕ್ಕಿದರೆ ತರಗತಿಯಲ್ಲಿ ಬಾಯಿ ತಡವರಿಸುವುದಿಲ್ಲ. ಹಾಲೂಡಿಸುವ ತಾಯಿಗೆ ಪಾಳಿ ಹೇಗೆ ಸಾಧ್ಯ ಎಂದು ಕೇಳಬಹುದು. ತೆಗೆದಿಟ್ಟ ಹಾಲು ಇದ್ದರೆ ಸಾಧ್ಯ, ಇಲ್ಲದಿದ್ದರೂ ಮಗುವನ್ನು ಎತ್ತಿ ತರುವುದು, ತೇಗು ತರಿಸುವುದು, ಬಟ್ಟೆ ಬದಲಿಸುವುದು, ಮತ್ತೆ ಮಲಗಿಸುವುದು ತಂದೆಯ ಕೆಲಸವಾದರೆ ತಾಯಿ ಅರ್ಧ ಎಚ್ಚರದಲ್ಲೇ ಹಾಲೂಡಿಸಿ ಮಲಗಬಹುದು. ಮಲಗಿಸುವಾಗ ಮಗು ಅಂಗಾತವಾಗಿರಬೇಕು, ಹಾಸಿಗೆ ಗಟ್ಟಿಯಾಗಿ ಸಮತಟ್ಟಾಗಿರಬೇಕು, ಸುತ್ತ ದಿಂಬು ಕಂಬಳಿ ಇರಬಾರದು. ಎಷ್ಟೇ ದಣಿದಿದ್ದರೂ ಮಗುವನ್ನು ಎದೆಯ ಮೇಲೆ ಹಾಕಿಕೊಂಡು ಸೋಫಾದಲ್ಲಿ ನಿದ್ದೆ ಹೋಗಬಾರದು.

ಪೇಪರ್ ತಿದ್ದುವ ಕೆಲಸದ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಕಟುವಾಗಿದೆ. ಉತ್ತರ ಪತ್ರಿಕೆಯ ಕಟ್ಟು ಮನೆಗೆ ಬಂದರೆ ಅದು ಮಗು ಮಲಗಿದ ಮೇಲೆ ಬಿಚ್ಚುವ ಕಟ್ಟು, ಅಂದರೆ ನಿಮ್ಮ ನಿದ್ದೆಯನ್ನು ತಿನ್ನುವ ಕಟ್ಟು. ಆ ಒಂದು ವರ್ಷ ನಾನು ಹೊಸ ವಿಷಯ ಪಾಠ ಮಾಡಲು ಒಪ್ಪಲಿಲ್ಲ, ಹಳೆಯ ಟಿಪ್ಪಣಿ ಇರುವ ಪತ್ರಿಕೆಗಳನ್ನೇ ಕೇಳಿ ಪಡೆದೆ. ವಾರದ ಕಿರುಪರೀಕ್ಷೆಯನ್ನು ವಿದ್ಯಾರ್ಥಿಗಳೇ ಅದಲು ಬದಲು ಮಾಡಿಕೊಂಡು ತರಗತಿಯಲ್ಲೇ ತಿದ್ದುವಂತೆ ಮಾಡಿದೆ. ಅದರಿಂದ ಅವರಿಗೂ ಲಾಭವಾಯಿತೆಂದೇ ನನ್ನ ನಂಬಿಕೆ, ಏಕೆಂದರೆ ಉತ್ತರ ಎಲ್ಲಿ ದಾರಿ ತಪ್ಪಿತೆಂದು ಅವರು ತಮ್ಮ ಕಣ್ಣಿನಿಂದಲೇ ನೋಡಿದರು. ವಿಚಾರ ಸಂಕಿರಣ, ಸಮಿತಿ, ವಾರ್ಷಿಕೋತ್ಸವದ ಜವಾಬ್ದಾರಿ ಇವು ಒಂದು ವರ್ಷ ಕಾಯುತ್ತವೆ.

ಇನ್ನೊಂದು ಮಾತನ್ನು ಗಂಡಸರಿಗಾಗಿ ಹೇಳುತ್ತೇನೆ. ಹೆರಿಗೆಯ ನಂತರದ ಖಿನ್ನತೆ ತಾಯಂದಿರಿಗೆ ಮಾತ್ರ ಬರುವುದಲ್ಲ, ತಂದೆಯರಿಗೂ ಬರುತ್ತದೆ. 1987ರಲ್ಲಿ ಪ್ರಕಟವಾದ ಎಡಿನ್‌ಬರ್ಗ್ ಮಾಪಕದಲ್ಲಿ ಹತ್ತೇ ಪ್ರಶ್ನೆಗಳಿವೆ; ಅದರಿಂದ ರೋಗ ಇದೆಯೆಂದು ತೀರ್ಮಾನವಾಗುವುದಿಲ್ಲ, ವೈದ್ಯರನ್ನು ಕಾಣಬೇಕೇ ಎಂಬುದು ತಿಳಿಯುತ್ತದೆ. ಎರಡು ವಾರ ಕಳೆದರೂ ಯಾವುದರಲ್ಲೂ ಮನಸ್ಸು ನಿಲ್ಲದೆ, ಮಗು ಮಲಗಿದ್ದರೂ ನಿದ್ದೆ ಬಾರದೆ ಇದ್ದರೆ, 'ದಣಿವು ಅಷ್ಟೇ' ಎಂದು ತಳ್ಳಿಹಾಕಬೇಡಿ.

ಭಾಷಾ ಶಿಕ್ಷಕಿಯೊಬ್ಬರ ಉತ್ತರ

ಎಂಟು ತಿಂಗಳ ಮಗುವಿನೊಂದಿಗೆ ಪ್ರಯಾಣ ಮಾಡಬಹುದು, ನಾವು ಹೆಚ್ಚು ಕಡಿಮೆ ಅದೇ ವಯಸ್ಸಿನಲ್ಲಿ ಮಾಡಿದೆವು. ನನ್ನನ್ನು ಕೇಳಿದರೆ ಮೂರು ತಿಂಗಳ ಒಳಗಿನ ಕೂಸಿಗಿಂತ ಈ ವಯಸ್ಸು ವಾಸಿ, ಏಕೆಂದರೆ ಅಷ್ಟು ಎಳೆಯ ಕೂಸಿಗೆ 38 ಡಿಗ್ರಿ ಜ್ವರ ಬಂದರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು, ಪರಸ್ಥಳದಲ್ಲಿ ಅದು ದೊಡ್ಡ ಪೇಚಾಟ. ನಡೆಯಲು ಕಲಿತ ಮಗುವಿಗಿಂತಲೂ ವಾಸಿ, ಅದನ್ನು ಹತ್ತು ಗಂಟೆ ಕೂರಿಸಿಡುವುದು ಯಾರಿಂದಲೂ ಆಗದು.

ಟಿಕೆಟ್‌ಗಿಂತ ಮೊದಲು ಲಸಿಕೆ. ಈಗಲೇ ಮಕ್ಕಳ ವೈದ್ಯರ ಬಳಿ ಹೋಗಿ ಯಾವ ದೇಶಕ್ಕೆ ಹೋಗುತ್ತೀರೆಂದು ಹೇಳಿ. ದಡಾರ ಹರಡಿರುವ ಕಡೆಗೆ ಹೋಗುವ 6ರಿಂದ 11 ತಿಂಗಳ ಮಕ್ಕಳಿಗೆ ಒಂದು ಹೆಚ್ಚುವರಿ ಡೋಸ್ ಕೊಡುತ್ತಾರೆ. ಅದು ಮಾಮೂಲಿ ಡೋಸ್‌ಗಳ ಲೆಕ್ಕಕ್ಕೆ ಸೇರುವುದಿಲ್ಲ, ಮರಳಿದ ಮೇಲೆ ಅವನ್ನು ಅವುಗಳ ವಯಸ್ಸಿಗೆ ಸರಿಯಾಗಿ ಹಾಕಿಸಲೇಬೇಕು. ಹಳದಿ ಜ್ವರದ ಲಸಿಕೆಯನ್ನು ಸಾಮಾನ್ಯವಾಗಿ ಒಂಬತ್ತು ತಿಂಗಳಿಗಿಂತ ಮೊದಲು ಕೊಡುವುದಿಲ್ಲ. ಹಾಗಾಗಿ ಆ ರೋಗವಿರುವ ಪ್ರದೇಶವಾದರೆ ಪ್ರಯಾಣವನ್ನೇ ಮುಂದೂಡುವುದು ಜಾಣತನ. ಪಾಸ್‌ಪೋರ್ಟ್ ಮಗುವಿಗೂ ಪ್ರತ್ಯೇಕವಾಗಿ ಬೇಕು, ಮತ್ತು ಕೂಸಿನ ಫೋಟೋ ತೆಗೆಯುವುದೇ ಒಂದು ಸಾಹಸ: ಬಿಳಿ ಬಟ್ಟೆ ಹಾಸಿ ಮಲಗಿಸಿ ಮೇಲಿನಿಂದ ತೆಗೆಯಿರಿ, ನಿಮ್ಮ ನೆರಳು ಬೀಳದಿರಲಿ.

ವಿಮಾನದಲ್ಲಿ ಮಕ್ಕಳು ಅಳುವುದು ಹೆಚ್ಚಾಗಿ ಕಿವಿಯಿಂದ. ಹಾರಾಟದ ವೇಳೆ ಒಳಗಿನ ಗಾಳಿಯ ಒತ್ತಡವು 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲಿರುವಷ್ಟೇ ಇರುತ್ತದೆ; ಇಳಿಯುವಾಗ ಅದು ಮತ್ತೆ ಏರುತ್ತದೆ. ಕಿವಿಯನ್ನೂ ಗಂಟಲನ್ನೂ ಜೋಡಿಸುವ ನಾಳ ಶಿಶುಗಳಲ್ಲಿ ಕಿರಿದು. ನುಂಗುವಾಗ ಅದು ತೆರೆದುಕೊಳ್ಳುತ್ತದೆ, ಆದ್ದರಿಂದ ಏರುವಾಗಲೂ ಇಳಿಯುವಾಗಲೂ ಹಾಲು ಕುಡಿಸಬೇಕು. ಎಲ್ಲರೂ ಏರುವಾಗ ಕುಡಿಸಿ ಸುಮ್ಮನಾಗುತ್ತಾರೆ, ನಿಜಕ್ಕೂ ನೋವು ಕೊಡುವುದು ಇಳಿಯುವ ಹೊತ್ತು. ಅದು ನೆಲ ಮುಟ್ಟುವುದಕ್ಕೆ ಅರ್ಧ ಗಂಟೆ ಮೊದಲೇ ಶುರುವಾಗುತ್ತದೆ, ಮಗುವಿನ ಹಸಿವನ್ನು ಆ ವೇಳೆಗೆ ಸ್ವಲ್ಪ ಉಳಿಸಿಕೊಳ್ಳಿ. ನೆಗಡಿಯಿದ್ದರೆ ಅಥವಾ ಕಿವಿ ಸೋರುತ್ತಿದ್ದರೆ ಹೊರಡುವ ಮೊದಲು ವೈದ್ಯರಿಗೆ ತೋರಿಸಿ.

ಎರಡು ವರ್ಷದೊಳಗಿನ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಲು ವಿಮಾನ ಕಂಪನಿಗಳು ಬಿಡುತ್ತವೆ, ಆದರೆ ಪ್ರತ್ಯೇಕ ಆಸನದಲ್ಲಿ ವಿಮಾನಕ್ಕೆ ಒಪ್ಪಿಗೆಯಿರುವ ಶಿಶು ಕುರ್ಚಿ ಕಟ್ಟುವುದೇ ಹೆಚ್ಚು ಸುರಕ್ಷಿತ. ತೂಗುತೊಟ್ಟಿಲಿನ ಸೌಲಭ್ಯ ಮುಂದಿನ ಗೋಡೆಯಿರುವ ಸಾಲಿನಲ್ಲಿ ಮಾತ್ರ ಇರುತ್ತದೆ, ಅದಕ್ಕೆ ತೂಕದ ಮಿತಿಯೂ ಉಂಟು. ಎಂಟು ತಿಂಗಳ ದುಂಡನೆಯ ಕೂಸು ಅದರಲ್ಲಿ ಹಿಡಿಸದೆ ಹೋಗಬಹುದು, ಮೊದಲೇ ವಿಚಾರಿಸಿ. ಪುಡಿಹಾಲು ಕೊಡುವವರಾದರೆ ನೆನಪಿರಲಿ, ಆ ಪುಡಿ ಸೂಕ್ಷ್ಮಾಣುರಹಿತವಲ್ಲ. 70 ಡಿಗ್ರಿಗಿಂತ ಕಡಿಮೆಯಿಲ್ಲದ ಬಿಸಿನೀರಿನಲ್ಲಿ ಕಲಸಿ, ಆರಿಸಿ ಕುಡಿಸಬೇಕು. ಉಗುರುಬೆಚ್ಚಗಿನ ಬಾಟಲಿ ನೀರು ಸಾಲದು.

ಅಣ್ಣನ ಮನೆಯವರಿಗೆ ಒಂದು ಮಾತು ಮುಂಚೆಯೇ ಹೇಳಿಡಿ. ಈ ವಯಸ್ಸಿನ ಮಕ್ಕಳು ಹೊಸ ಮುಖ ಕಂಡರೆ ಅಳುತ್ತವೆ. ಬಾಗಿಲಲ್ಲೇ ಎತ್ತಿಕೊಳ್ಳಲು ಎಲ್ಲರೂ ಕೈ ಚಾಚಿದರೆ ಮೊದಲ ದಿನವೇ ಕೆಡುತ್ತದೆ.

ಪ್ರಾಥಮಿಕ ಶಾಲೆಯ ಶಿಕ್ಷಕರೊಬ್ಬರ ಉತ್ತರ

ನಾವು ಹೋಗಲಿಲ್ಲ. ಆ ರಜೆಯನ್ನು ಮನೆಯಲ್ಲೇ ಮಲಗಿ ಎದ್ದು ಕಳೆದೆವು, ಅದಕ್ಕೆ ಇಂದಿಗೂ ಬೇಸರವಿಲ್ಲ. ಅಣ್ಣನವರನ್ನೇ ಬರಹೇಳಿದರೆ ಇಬ್ಬರ ಬದಲು ಬೇರೆ ಇಬ್ಬರು ದಣಿಯುತ್ತಾರೆ, ಅವರಿಗೆ ಎದೆಹಾಲಿನ ಕೂಸಿಲ್ಲವಲ್ಲ. ಶಿಕ್ಷಕರಿಗೆ ರಜೆ ಬಂತೆಂದರೆ ಎಲ್ಲಿಗಾದರೂ ಹೋಗಲೇಬೇಕೆಂಬ ನಿಯಮವನ್ನು ಯಾರು ಮಾಡಿದರೋ ಕಾಣೆ.

ಪ್ರಶ್ನೆ ಕೇಳಿದವರ ಮರುಪ್ರಶ್ನೆ

ಎಲ್ಲರಿಗೂ ಕೃತಜ್ಞತೆಗಳು. ವೇಳಾಪಟ್ಟಿಯ ಪತ್ರವನ್ನು ಇಂದೇ ಬರೆಯುತ್ತಿದ್ದೇವೆ. ಹೋಗುವುದೆಂದೇ ಮನಸ್ಸು ಮಾಡಿದ್ದೇವೆ. ಆದರೆ ನಮಗೆ ಅನುಕೂಲವಾಗುವ ಟಿಕೆಟ್ ಸಿಗುವುದು ರಜೆಯ ಕೊನೆಯ ದಿನ ರಾತ್ರಿ ಬಂದಿಳಿಯುವ ವಿಮಾನಕ್ಕೆ, ಮರುದಿನ ಬೆಳಿಗ್ಗೆ ಇಬ್ಬರಿಗೂ ತರಗತಿ ಇರುತ್ತದೆ. ಹೇಗಾದರೂ ನಡೆಯುತ್ತದೆ ಎನ್ನಬಹುದೇ?

ಗಣಿತ ಶಿಕ್ಷಕಿಯ ಮರು ಉತ್ತರ

ಬೇಡ ಸರ್. ಕಾಲವಲಯ ದಾಟಿ ಬಂದ ಮಗುವಿಗೆ ಹಗಲು ರಾತ್ರಿ ಸರಿಹೊಂದಲು ಸುಮಾರಾಗಿ ಗಂಟೆಗೊಂದು ದಿನದಂತೆ ಹಿಡಿಯುತ್ತದೆ, ಪೂರ್ವಕ್ಕೆ ಹಾರಿ ಬಂದಿದ್ದರೆ ಇನ್ನೂ ನಿಧಾನ. ಬೆಳಗಿನ ಬಿಸಿಲಿಗೆ ಹೊರಗೆ ಕರೆದೊಯ್ಯುವುದು, ರಾತ್ರಿ ಎಚ್ಚರವಾದರೂ ದೀಪ ಹಾಕದೆ ಆಟವಾಡಿಸದೆ ಮಲಗಿಸುವುದು ಇವೇ ಮದ್ದು, ಅವಕ್ಕೆ ದಿನಗಳು ಬೇಕು. ಅಲ್ಲಿ ಇರುವ ದಿನಗಳನ್ನೇ ಕಡಿಮೆ ಮಾಡಿ, ಶಾಲೆ ಶುರುವಾಗುವ ಮೊದಲು ನಾಲ್ಕೈದು ದಿನವಾದರೂ ಮನೆಯಲ್ಲಿರುವ ಹಾಗೆ ಬನ್ನಿ. ಮಗುವನ್ನು ನೋಡಿಕೊಳ್ಳುವವರ ಕೈಗೂ ಅದು ಆ ದಿನಗಳಲ್ಲಿ ಮತ್ತೆ ಹೊಂದಿಕೊಳ್ಳಬೇಕು. ಆ ವಾರದ ಪರೀಕ್ಷಾ ಮೇಲ್ವಿಚಾರಣೆಯನ್ನು ಈಗಲೇ ಬೇರೆಯವರೊಂದಿಗೆ ಬದಲಾಯಿಸಿಕೊಳ್ಳಿ. ಮೊದಲ ಎರಡು ದಿನಕ್ಕೆ ಹೊಸ ಪಾಠ ಬೇಡ. ಪುನರಾವರ್ತನೆಯ ಹಾಳೆಗಳನ್ನು ಹೊರಡುವ ಮೊದಲೇ ಪ್ರತಿ ತೆಗೆಸಿ, ತರಗತಿವಾರು ಕಟ್ಟಿ, ಸ್ಟಾಫ್ ರೂಮಿನ ಬೀರುವಿನಲ್ಲಿಡಿ, ಬೀಗದ ಕೈಯನ್ನು ಸಹೋದ್ಯೋಗಿಯೊಬ್ಬರ ಬಳಿ ಬಿಟ್ಟು ಹೋಗಿ. ವಿಮಾನ ಒಂದು ದಿನ ತಡವಾದರೂ ನಿಮ್ಮ ಪೀರಿಯಡ್ ನಡೆದಿರುತ್ತದೆ.